ಬೇಸಿಗೆ ಕ್ಲಬ್ಬುಗಳಿಗೇ ಇರಲಿ

ಐರ್ಲೆಂಡಿನ ಕಿಲ್ಕೆನಿ ಕೌಂಟಿಯ ಸೀನಿಯರ್ ಹರ್ಲಿಂಗ್ (ಕೋಲು ಹಿಡಿದು ಆಡುವ ಚೆಂಡಾಟ) ಚಾಂಪಿಯನ್‌ಷಿಪ್ 2024ರಲ್ಲಿ ಥಾಮಸ್‌ಟೌನ್ ಕ್ಲಬ್ಬಿನ ಪಾಲಾಯಿತು. ನೋರ್ ನದಿ ದಡದ ಈ ಸಣ್ಣ ಪಟ್ಟಣಕ್ಕೆ ಆ ಪಟ್ಟ ಹಿಂದೆ ಒಲಿದಿದ್ದು 1946ರಲ್ಲಿ. 2024ರ ಜನವರಿಯಲ್ಲಷ್ಟೇ ಕೆಳಗಿನ ದರ್ಜೆಯ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದು ಮೇಲೇರಿದ್ದ ತಂಡವದು. ಎಪ್ಪತ್ತೆಂಟು ವರ್ಷ ಕಾದ ಊರು ಆ ದಿನ ಹೇಗಿದ್ದಿರಬೇಕು!

ಇಂಥ ಕ್ಲಬ್ ಋತುವಿಗೆ ಕ್ಯಾಲೆಂಡರಿನಲ್ಲಿ ಜಾಗ ಸಿಕ್ಕಿದ್ದೇ ಇತ್ತೀಚೆಗೆ. ಮೊದಲು, ಕ್ಲಬ್ಬುಗಳಿಂದ ಆಯ್ದವರ ಕೌಂಟಿ ತಂಡಗಳ ಅಖಿಲ ಐರ್ಲೆಂಡ್ ಫೈನಲ್ ಸೆಪ್ಟೆಂಬರಿನಲ್ಲಿ ನಡೆಯುತ್ತಿತ್ತು. ಕೌಂಟಿ ತಂಡ ಗೆಲ್ಲುತ್ತಾ ಹೋದಷ್ಟೂ ಕ್ಲಬ್ ಪಂದ್ಯಗಳು ಮುಂದಕ್ಕೆ ಹೋಗುತ್ತಿದ್ದವು. ಕೌಂಟಿ ತಂಡದಲ್ಲಿ ಪಂದ್ಯದ ದಿನ ಜೆರ್ಸಿ ತೊಡುವವರು 26 ಮಂದಿ. ಅವರಿಗಾಗಿ ಉಳಿದ ಸಾವಿರಾರು ಆಟಗಾರರು ಬೇಸಿಗೆಯಿಡೀ ಬರೀ ಅಭ್ಯಾಸ ಮಾಡುತ್ತಾ, ಮುಂದಿನ ಪಂದ್ಯ ಯಾವಾಗೆಂದು ತಿಳಿಯದೆ ಕೂರಬೇಕಿತ್ತು. ಇವರ್ಯಾರಿಗೂ ಸಂಬಳವಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಆಟದ ಕೋಲಾದ ಹರ್ಲಿ ಹಿಡಿಯುವವರು. ರಜೆ ಹಾಕುವುದಕ್ಕೂ, ಮದುವೆಯ ದಿನ ಗೊತ್ತುಮಾಡುವುದಕ್ಕೂ ಹಿಂದೆಮುಂದೆ ನೋಡಬೇಕಿತ್ತು. 2017ರಲ್ಲಿ ಕ್ಲಬ್ ಆಟಗಾರರು ತಮ್ಮದೇ ಸಂಘ ಕಟ್ಟಿ ದನಿ ಎತ್ತಿದರು. 2021ರಲ್ಲಿ ಈ ಆಟ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಋತುವನ್ನು ಎರಡಾಗಿ ಒಡೆಯಲು ಒಪ್ಪಿತು: ಜುಲೈವರೆಗೆ ಕೌಂಟಿ, ಆಮೇಲೆ ಕ್ಲಬ್. ಬೇಡಿಕೆ ಈಡೇರಿತೆಂದು ಆ ಸಂಘ ತಾನಾಗಿಯೇ ವಿಸರ್ಜನೆಗೊಂಡಿತು. ಗೆದ್ದ ಮೇಲೆ ಬಾಗಿಲು ಮುಚ್ಚುವ ಸಂಘಗಳು ಎಷ್ಟಿವೆ?

ಈಗ ಫೈನಲನ್ನು ಮತ್ತೆ ಆಗಸ್ಟಿಗೋ ಅದರಾಚೆಗೋ ಒಯ್ಯಬೇಕೆಂಬ ಒತ್ತಾಯ ಕೇಳುತ್ತಿದೆ. ಜುಲೈ ನಂತರ ದೊಡ್ಡ ಹರ್ಲಿಂಗ್ ಪಂದ್ಯ ಟಿವಿಯಲ್ಲಿ ಕಾಣದೆ, ಮಕ್ಕಳ ಗಮನ ಸಾಕರ್, ರಗ್ಬಿಗಳತ್ತ ಹರಿಯುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಹಾಗೆ ಕೊಡುವ ಒಂದೊಂದು ವಾರವೂ ಕ್ಲಬ್ಬಿನಿಂದಲೇ ಕಿತ್ತುಕೊಂಡಿದ್ದು. ಕೌಂಟಿ ಗೆದ್ದ ಕ್ಲಬ್ಬುಗಳಿಗೆ ಪ್ರಾಂತ್ಯ ಮಟ್ಟದ ಪಂದ್ಯಗಳು ಕಾದಿರುವುದರಿಂದ ಎಲ್ಲವೂ ಶರತ್ಕಾಲದೊಳಗೆ ಮುಗಿಯಬೇಕು. ಕಾರ್ಕ್, ಗಾಲ್ವೇಗಳಂಥ ಕೌಂಟಿಗಳಲ್ಲಿ ಹರ್ಲಿಂಗ್ ಆಡುವ ಹುಡುಗರಲ್ಲಿ ಎಷ್ಟೋ ಮಂದಿ ಗೇಲಿಕ್ ಫುಟ್ಬಾಲನ್ನೂ ಆಡುತ್ತಾರೆ. ಅಲ್ಲಿ ಈಗಲೇ ಒಂದು ವಾರವೂ ಬಿಡುವಿಲ್ಲ. ತಡವಾದರೆ ಚಳಿಗಾಲದ ಕೆಸರಿನಲ್ಲಿ ಆಡಬೇಕು. ಗಟ್ಟಿ ನೆಲದಲ್ಲಿ ಗಾಳಿ ಸೀಳುವ ಸ್ಲಿಯಟರ್ ಚೆಂಡು ಅಲ್ಲಿ ಪುಟಿಯದೆ ಹೂತುಕೊಳ್ಳುತ್ತದೆ.

ಮಕ್ಕಳು ಮೊದಲು ಹರ್ಲಿ ಹಿಡಿಯುವುದು ಊರ ಕ್ಲಬ್ಬಿನಲ್ಲೇ. ಪ್ರಚಾರ ಬೇಕಿದ್ದರೆ ಕೌಂಟಿ ಕ್ಲಬ್ ಪಂದ್ಯಗಳನ್ನೇ ಇನ್ನಷ್ಟು ಟಿವಿಗೆ ತನ್ನಿ. ಫೈನಲ್ ಜುಲೈನಲ್ಲೇ ನಿಲ್ಲಲಿ. ಕ್ಲಬ್ ವೇಳಾಪಟ್ಟಿ ವರ್ಷಾರಂಭದಲ್ಲೇ ಆಟಗಾರರ ಕೈಸೇರಲಿ.