ಹೋಟೆಲು ಬಿಡುವುದೋ, ಅಟ್ಟ ಬಿಡುವುದೋ?

ಸಾಂಕ್ರಾಮಿಕ ರೋಗವೊಂದು ನಗರವನ್ನು ಪ್ರವೇಶಿಸಿದಾಗ ಹೋಟೆಲಿನಲ್ಲಿ ದುಡಿಯುವವನು ಅಲ್ಲಿಯೇ ಇರಬೇಕೆ, ಗಂಟುಮೂಟೆ ಕಟ್ಟಿ ಹೊರಡಬೇಕೆ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿದ್ದ ನಮ್ಮ ಬಂಧುಗಳು ಈ ಪ್ರಶ್ನೆಯನ್ನು ಒಂದೆರಡು ದಿನಗಳಲ್ಲಿ, ಅನೇಕರು ಒಂದೆರಡು ಗಂಟೆಗಳಲ್ಲಿ, ತೀರ್ಮಾನಿಸಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ರೋಗದ ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿದ ಮೇಲೆ ಈ ಮಾತನ್ನು ಎತ್ತುವವರೇ ಇಲ್ಲವಾಗಿದ್ದಾರೆ. ಗೋಡೆಗೆ ಅಂಟಿಸಿದ್ದ ಸೂಚನಾಪತ್ರಗಳು ಹರಿದುಹೋದವು. ಬಾಗಿಲಲ್ಲಿ ಜ್ವರ ಅಳೆಯುತ್ತಿದ್ದ ಉಪಕರಣ ಗಲ್ಲಾದ ಕೆಳಗಿನ ಖಾನೆ ಸೇರಿತು. ಆದರೆ ನೆಮ್ಮದಿಯ ದಿನಗಳಲ್ಲಿ ಯೋಚಿಸದಿದ್ದುದನ್ನು ಗಾಬರಿಯ ದಿನಗಳಲ್ಲಿ ಯೋಚಿಸುವುದು ಸಾಧ್ಯವಿಲ್ಲವೆಂಬುದನ್ನು ಅಂದು ಕಣ್ಣಾರೆ ಕಂಡಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಅಂತಹ ಕಾಲದಲ್ಲಿ ಮೊದಲು ಬಿಡಬೇಕಾದುದು ಹೋಟೆಲಿನ ಕೆಲಸವನ್ನಲ್ಲ, ಹೋಟೆಲಿನ ಅಟ್ಟವನ್ನು. ಅಟ್ಟವನ್ನು ಬಿಡಲು ಎಡೆಗೊಡದ ಹೋಟೆಲಾದರೆ, ಆಗ ಕೆಲಸವನ್ನೂ ಬಿಡುವುದರಲ್ಲಿ ತಪ್ಪಿಲ್ಲ.

ಗುಮಾಸ್ತನಿಗೂ ಮಾಣಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಕಚೇರಿಯ ಗುಮಾಸ್ತನು ಸಂಜೆ ಆರಕ್ಕೆ ಎದ್ದು ತನ್ನ ಖೋಲಿಗೆ ಹೋಗುತ್ತಾನೆ. ಕಚೇರಿ ಮುಚ್ಚಿದರೂ ಅವನ ಖೋಲಿ ಮುಚ್ಚುವುದಿಲ್ಲ. ಹೋಟೆಲಿನ ಮಾಣಿ, ಕ್ಲೀನರ್, ದೋಸೆ ಹೊಯ್ಯುವ ಭಟ್ಟರು, ಇವರಲ್ಲಿ ಬಹುಮಂದಿಗೆ ಕೆಲಸ, ಊಟ, ನಿದ್ರೆ ಮೂರೂ ಒಂದೇ ಸೂರಿನ ಕೆಳಗೆ. ರಾತ್ರಿ ಬಾಗಿಲೆಳೆದ ಮೇಲೆ ಕೆಲವರು ಮೇಜುಗಳನ್ನು ಜೋಡಿಸಿ ಮಲಗುತ್ತಾರೆ. ಉಳಿದವರು ಅಡುಗೆಮನೆಯ ಮೇಲಣ ಅಟ್ಟಕ್ಕೆ ಏಣಿ ಹತ್ತುತ್ತಾರೆ. ಈ ಏರ್ಪಾಡಿನಿಂದ ಬಾಡಿಗೆ ಉಳಿಯುತ್ತದೆ, ಊರಿಗೆ ನಾಲ್ಕು ಕಾಸು ಹೆಚ್ಚು ಹೋಗುತ್ತದೆ, ಎಂಬುದು ನಿಜ. ಎರಡು ಮೂರು ತಲೆಮಾರುಗಳು ಹೀಗೆಯೇ ಮಲಗಿ ಎದ್ದು, ರಾತ್ರಿಶಾಲೆಯಲ್ಲಿ ಓದಿ, ಮುಂದೆ ತಾವೇ ಮಾಲಿಕರಾದ ನಿದರ್ಶನಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಇದೇ ಏರ್ಪಾಡಿನಿಂದಾಗಿ, ಕೆಲಸ ಬಿಡುತ್ತೇನೆಂದವನು ಅದೇ ಉಸಿರಿನಲ್ಲಿ ಅನ್ನವನ್ನೂ ಸೂರನ್ನೂ ಬಿಡುತ್ತೇನೆಂದಂತಾಗುತ್ತದೆ. ಆದಕಾರಣ ಅವನು ಬಿಡಬೇಕಾದಾಗಲೂ ಬಿಡುವುದಿಲ್ಲ. ಬಿಟ್ಟಾಗ ಓಡಿಹೋಗುವವನಂತೆ ಬಿಡುತ್ತಾನೆ.

ಇನ್ನು ಶುಚಿತ್ವದ ಮಾತು. ನಮ್ಮ ಉಡುಪಿ ಹೋಟೆಲುಗಳು ಹೆಸರು ಗಳಿಸಿದ್ದೇ ಶುಚಿಯಿಂದ. ಮಡಿಯ ಅಡುಗೆ, ತೊಳೆದ ಬಾಳೆಯೆಲೆ, ಬೆಳಗಿದ ಪಾತ್ರೆ, ಇವುಗಳ ಮೇಲೆ ನಮಗಿರುವ ಅಭಿಮಾನ ಸಕಾರಣವಾದುದು. ಆದರೆ ಒಂದೊಂದು ರೋಗಕ್ಕೂ ಒಂದೊಂದು ದಾರಿ. ವಿಷಮಶೀತ ಜ್ವರವೂ ಕಾಲರಾವೂ ಕೈಯಿಂದ, ನೀರಿನಿಂದ, ಆಹಾರದಿಂದ ಬರುತ್ತವೆ; ಅಲ್ಲಿ ಸಾಬೂನು ಪರಮೌಷಧ. ಪ್ಲೇಗು ಇಲಿಯ ಮೈಮೇಲಣ ಚಿಗಟದಿಂದ ಬಂದಿತು. ಕೋವಿಡ್ ಬಹುಮಟ್ಟಿಗೆ ಉಸಿರಿನ ಗಾಳಿಯಿಂದ ಬಂದಿತು. ಈ ಕೊನೆಯ ಮಾತನ್ನು ಒಪ್ಪಿಕೊಳ್ಳಲು ದೊಡ್ಡವರೂ ತಡಮಾಡಿದರು. 2020ರ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಇದು ಗಾಳಿಯಲ್ಲಿ ಹರಡುವ ರೋಗವಲ್ಲವೆಂದು ಸಾರಿತ್ತು. ಅದೇ ವರ್ಷ ಜುಲೈ ತಿಂಗಳಲ್ಲಿ 239 ವಿಜ್ಞಾನಿಗಳು ಒಟ್ಟಾಗಿ ಪತ್ರ ಬರೆದು ಗಾಳಿಯ ಕಡೆಗೆ ಗಮನ ಸೆಳೆದರು. 2021ರಲ್ಲಿ ಆ ಸಂಸ್ಥೆಯ ಸ್ವಂತ ವಿವರಣೆಯೂ ಬದಲಾಯಿತು. ಅಷ್ಟರಲ್ಲಿ ನಮ್ಮ ಹೋಟೆಲುಗಳು ಮೇಜು ಒರಸುವುದಕ್ಕೆ, ನೋಟು ಒರಸುವುದಕ್ಕೆ, ತಿಂಡಿಯ ಪಟ್ಟಿಯನ್ನು ಬದಲಾಯಿಸುವುದಕ್ಕೆ ಬೇಕಾದಷ್ಟು ಹಣ ಸುರಿದಿದ್ದವು. ಅಟ್ಟಕ್ಕೊಂದು ಕಿಟಕಿ ಕೊರೆಸಿದವರು ಎಷ್ಟು ಮಂದಿ?

ಚೀನಾ ದೇಶದ ಗ್ವಾಂಗ್ಜೋ ನಗರದ ಒಂದು ಹೋಟೆಲಿನ ಪ್ರಕರಣವನ್ನು ನಮ್ಮ ಕಾರ್ಮಿಕರೂ ಮಾಲಿಕರೂ ತಿಳಿದಿರಬೇಕು. 2020ರ ಜನವರಿ 24ರಂದು ಕಿಟಕಿಗಳಿಲ್ಲದ ಭೋಜನಶಾಲೆಯೊಂದರಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಕುಳಿತು ಉಂಡವು. ಹವಾನಿಯಂತ್ರಣ ಯಂತ್ರವು ಆ ಮೂರು ಮೇಜುಗಳ ನಡುವೆ ಅದೇ ಗಾಳಿಯನ್ನು ಮತ್ತೆ ಮತ್ತೆ ಸುತ್ತಿಸುತ್ತಿತ್ತು. ಒಬ್ಬರಲ್ಲಿ ರೋಗವಿತ್ತು. ಆ ಮೂರು ಕುಟುಂಬಗಳಲ್ಲಿ ಒಟ್ಟು 10 ಮಂದಿ ರೋಗಿಗಳಾದರು. ಬಂದು ಬಡಿಸಿ ಹೋಗುತ್ತಿದ್ದ ನೌಕರರಲ್ಲಿ ಯಾರಿಗೂ ರೋಗ ತಗಲಲಿಲ್ಲ. ಒಂದು ಪ್ರಕರಣದಿಂದ ಎಲ್ಲವನ್ನೂ ನಿರ್ಧರಿಸಲಾಗದು. ನಡೆದಾಡುವ ಮಾಣಿ ಸದಾ ಕ್ಷೇಮವೆಂದು ಇದರ ಅರ್ಥವಲ್ಲ. ಆದರೆ ಒಂದೇ ಗಾಳಿಯಲ್ಲಿ ಸುಮಾರು ಒಂದು ಗಂಟೆ ಕುಳಿತವರಿಗೆ ಆದುದನ್ನು ನೋಡಿದರೆ, ಕಿಟಕಿಯಿಲ್ಲದ ಅಟ್ಟದಲ್ಲಿ ಹತ್ತು ಹನ್ನೆರಡು ಮಂದಿ ಒಬ್ಬರಿಗೊಬ್ಬರು ತಾಗಿಕೊಂಡು ಆರೇಳು ಗಂಟೆ ಮಲಗುವುದರ ಅಪಾಯ ಎಷ್ಟೆಂಬುದನ್ನು ಊಹಿಸಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ. ಹೊಗೆಯೆಳೆಯುವ ಪಂಖ ತಿರುಗುತ್ತಿರುವಾಗ ಅಡುಗೆಮನೆಯ ಸೆಕೆಯೇ ಎಷ್ಟೋ ವಾಸಿ. ಬೆಳಗಿನ ಜಾವ ಹೊರಗಿನಿಂದ ಬಂದವನಿಗೆ ಅಟ್ಟದ ಗಾಳಿ ಮೂಗಿಗೆ ಬಡಿಯುವಂತಿದ್ದರೆ, ಅದು ಎಲ್ಲರೂ ಎಲ್ಲರ ಉಸಿರನ್ನು ರಾತ್ರಿಯಿಡೀ ಹಂಚಿಕೊಂಡುದರ ಗುರುತು. ಮೇಜಿನ ಮೇಲೆ ಎಷ್ಟು ಔಷಧ ಸಿಂಪಡಿಸಿದರೂ ಆ ಗಾಳಿ ಶುದ್ಧವಾಗದು.

ಅಟ್ಟದ ನಂತರ ನೋಡಬೇಕಾದುದು, ‘ನನಗೆ ಜ್ವರ’ ಎಂದವನಿಗೆ ಆ ಹೋಟೆಲಿನಲ್ಲಿ ಏನಾಗುತ್ತದೆ ಎಂಬುದನ್ನು. ಶತಮಾನದ ಹಿಂದಿನ ಮೇರಿ ಮ್ಯಾಲನ್ ಎಂಬಾಕೆಯ ಕಥೆಯನ್ನು ಜಗತ್ತು ಆಕೆಯನ್ನು ಜರೆಯುವುದಕ್ಕಾಗಿಯೇ ಹೇಳುತ್ತ ಬಂದಿದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಆಕೆ ವಿಷಮಶೀತ ಜ್ವರದ ಕ್ರಿಮಿಯನ್ನು ಹೊತ್ತಿದ್ದಳು. ತಾನು ಮಾತ್ರ ಆರೋಗ್ಯವಾಗಿದ್ದಳು. 1907ರಲ್ಲಿ ಆಕೆಯನ್ನು ಒಂದು ದ್ವೀಪದಲ್ಲಿರಿಸಿದರು. ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತು ಪಡೆದು 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅದರ ಕೂಲಿ ಅಡುಗೆಯ ಸಂಬಳಕ್ಕಿಂತ ಕಡಿಮೆ. ಹೆಸರು ಬದಲಾಯಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು. 1915ರಲ್ಲಿ ಆಕೆ ಅಡುಗೆಗಿದ್ದ ಆಸ್ಪತ್ರೆಯೊಂದರಲ್ಲಿ 25 ಮಂದಿಗೆ ರೋಗ ತಗಲಿತು. ಆಕೆ ತನ್ನ ಉಳಿದ ಆಯುಷ್ಯವನ್ನೆಲ್ಲ, 1938ರವರೆಗೆ, ಆ ದ್ವೀಪದಲ್ಲಿಯೇ ಕಳೆದಳು. ಆಕೆಯ ತಪ್ಪನ್ನು ನಾವು ಮುಚ್ಚುವುದಿಲ್ಲ. ಆದರೆ ಅಡುಗೆ ಮಾಡಬೇಡವೆಂದು ಅಪ್ಪಣೆ ಮಾಡಿದ ಸರಕಾರ, ಅಡುಗೆ ಬಿಟ್ಟರೆ ಉಣ್ಣುವುದೇನೆಂದು ವಿಚಾರಿಸಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ!

ನಮ್ಮ ಆಹಾರ ಸುರಕ್ಷತಾ ನಿಯಮಗಳು ಸಾಂಕ್ರಾಮಿಕ ರೋಗವುಳ್ಳವನು ಆಹಾರ ಮುಟ್ಟಕೂಡದೆಂದೂ, ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯಾಗಬೇಕೆಂದೂ ವಿಧಿಸುತ್ತವೆ. ಯೋಗ್ಯವಾದ ನಿಯಮ. ಹೊರಗೆ ಕುಳಿತ ದಿನಗಳ ಸಂಬಳ ಯಾರು ಕೊಡಬೇಕು? ಆ ಮಾತು ಬೇರೆ ಕಾನೂನುಗಳಲ್ಲಿದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವರ್ಷಕ್ಕೆ 8 ದಿನಗಳ ಸಂಬಳಸಹಿತ ಆಕಸ್ಮಿಕ ರಜೆ ಕೊಡುತ್ತದೆ. ಆದರೆ ಸಣ್ಣ ಹೋಟೆಲುಗಳು ಅದರ ಹೊರಗೆ ಉಳಿಯುತ್ತವೆ. ಇ.ಎಸ್.ಐ. ವಿಮೆಗೆ ಒಳಪಟ್ಟು, ನಿಗದಿಯಾದಷ್ಟು ದಿನಗಳ ವಂತಿಗೆ ಕಟ್ಟಿದವನಿಗೆ ಕಾಯಿಲೆಯ ದಿನಗಳಲ್ಲಿ ಸಂಬಳದ ಶೇ. 70 ಭಾಗ, ವರ್ಷಕ್ಕೆ 91 ದಿನಗಳ ಮಿತಿಯಲ್ಲಿ, ದೊರೆಯುತ್ತದೆ. ಇದನ್ನು ಬಲ್ಲ ಮಾಣಿಗಳೆಷ್ಟು? ತನ್ನ ಹೆಸರು ಹೋಟೆಲಿನ ಹಾಜರಿ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂಬುದನ್ನೇ ಅರಿಯದವರು ನಮ್ಮಲ್ಲಿ ಕಡಿಮೆಯಿಲ್ಲ. ಜ್ವರವೆಂದರೆ ದಿನದ ಸಂಬಳ ಹೋಗುವುದಾದರೆ ಮಾಣಿ ಜ್ವರವನ್ನು ಹೇಳುವುದಿಲ್ಲ, ಗುಳಿಗೆ ನುಂಗಿ ತಟ್ಟೆ ಎತ್ತುತ್ತಾನೆ. ಪಕ್ಕದಲ್ಲಿ ಮಲಗುವವನಿಗೂ ಎದುರಿಗೆ ಕುಳಿತ ಗಿರಾಕಿಗೂ ಅಪಾಯ ಹುಟ್ಟುವುದು ಅಲ್ಲಿಂದಲೇ. ಅಂತಹ ಹೋಟೆಲಿನಲ್ಲಿ ರೋಗಕಾಲದಲ್ಲಿ ನಿಲ್ಲುವುದು ಬುದ್ಧಿವಂತಿಕೆಯಲ್ಲ.

ಹಾಗಾದರೆ ಊರಿಗೆ ಹೊರಟುಬಿಡುವುದೆ? 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಲಕ್ಷಾಂತರ ಜನ ಊರು ಬಿಟ್ಟರು. ರೋಗವೂ ರೈಲಿನ ಗುಂಟ ಹಿಂಬಾಲಿಸಿತು. 1898ರಲ್ಲಿ ಅದು ಹುಬ್ಬಳ್ಳಿ, ಬೆಂಗಳೂರುಗಳನ್ನು ತಲುಪಿತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಹುಟ್ಟಿದ್ದೇ ಆ ಸಂಕಟದಿಂದ. ಇಲ್ಲಿ ಇನ್ನೊಂದು ಸಂಗತಿಯೂ ಉಂಟು. ಅದುವರೆಗೆ ತಿಂಗಳ ಸಂಬಳವನ್ನು ಹಿಂದಕ್ಕೆ ಹಿಡಿದಿಟ್ಟುಕೊಳ್ಳುತ್ತಿದ್ದ ಮುಂಬಯಿಯ ಗಿರಣಿಗಳು, ಕೂಲಿಗಳು ಸಿಕ್ಕದಾದಾಗ, ದಿನದ ಕೂಲಿಯನ್ನು ದಿನವೇ ಕೊಡಲು ಒಪ್ಪಿದವು. ಹೊರಟುಹೋಗುವ ಕಾಲುಗಳಿಗೂ ಒಂದು ಬೆಲೆಯುಂಟೆಂಬುದನ್ನು ಆ ಕಾಲದ ಕಾರ್ಮಿಕರು ಕಂಡುಕೊಂಡರು.

2020ರಲ್ಲಿ ನಮ್ಮವರಿಗೆ ಅಷ್ಟು ಅವಕಾಶವೂ ಇರಲಿಲ್ಲ. ಪ್ರಯಾಣಿಕರ ರೈಲುಗಳು ಮಾರ್ಚ್ 22ರಿಂದಲೇ ನಿಂತವು. 24ರ ರಾತ್ರಿ ಎಂಟಕ್ಕೆ ಘೋಷಣೆಯಾಗಿ ನಡುರಾತ್ರಿಯಿಂದ 21 ದಿನಗಳ ದಿಗ್ಬಂಧನ ಬಂದಿತು. ಶ್ರಮಿಕರ ರೈಲುಗಳು ಓಡತೊಡಗಿದ್ದು ಮೇ 1ರಿಂದ. ಮುಚ್ಚಿದ ಹೋಟೆಲುಗಳ ಒಳಗೆ ಐದಾರು ವಾರ ಕಳೆದವರು ಕೊನೆಗೆ ಹೊರಟಾಗ, ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಅದಕ್ಕೆ ಮೊದಲು ತಲುಪಿದವರನ್ನು ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಪ್ರತ್ಯೇಕವಾಗಿರಿಸಿದರು. ಉಡುಪಿ, ಮಂಡ್ಯ ಜಿಲ್ಲೆಗಳಲ್ಲಿ ಆ ತಿಂಗಳು ಬಯಲಾದ ರೋಗಿಗಳಲ್ಲಿ ಬಹುಪಾಲು ಮುಂಬಯಿಯ ಕಡೆಯಿಂದ ಹಿಂದಿರುಗಿದವರೇ. ‘ಮುಂಬಯಿಯವರು’ ಎಂಬ ಪದವನ್ನು ಊರಿನವರು ಆ ದಿನಗಳಲ್ಲಿ ಯಾವ ಧ್ವನಿಯಲ್ಲಿ ಉಚ್ಚರಿಸಿದರೆಂಬುದನ್ನು ಕೇಳಿದವರು ಇನ್ನೂ ಮರೆತಿಲ್ಲ. ಅದೇ ‘ಮುಂಬಯಿಯವರ’ ಹಣದಿಂದ ಊರಿನ ದೇವಸ್ಥಾನದ ಮಾಡಿಗೆ ಹಂಚು ಬಂದಿತ್ತೆಂಬುದು ಬೇರೆ ಮಾತು.

ಆದುದರಿಂದ ಹೊರಡುವುದಾದರೆ ಮೊದಲ ವಾರದಲ್ಲಿಯೇ, ಆರೋಗ್ಯವಾಗಿರುವಾಗಲೇ, ಬಾಕಿ ಸಂಬಳವನ್ನು ಎಣಿಸಿಕೊಂಡು ಹೊರಡಬೇಕು. ಊರಿನಲ್ಲಿ ವೃದ್ಧ ತಂದೆತಾಯಿಗಳಿದ್ದರೆ ಮೊದಲ ಕೆಲವು ದಿನ ಬೇರೆ ಕೋಣೆಯಲ್ಲಿ ಇರಬೇಕು. ಮೈ ಬಿಸಿಯಾದ ಮೇಲೆ ಬಸ್ಸು ಹತ್ತುವುದು ಸಹಪ್ರಯಾಣಿಕರಿಗೂ ಮನೆಯವರಿಗೂ ಮಾಡುವ ಅನ್ಯಾಯ.

ಕೆಲವು ಮಾಲಿಕರು ಇಂತಹ ಸಮಯದಲ್ಲಿ ಅನ್ನದ ಋಣದ ಮಾತನ್ನಾಡುತ್ತಾರೆ. ಮಾಲಿಕರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಮಹಾರಾಷ್ಟ್ರದಲ್ಲಿ ಕುಳಿತು ಉಣ್ಣುವ ಹೋಟೆಲುಗಳು 2020ರ ಅಕ್ಟೋಬರ್ 5ರವರೆಗೆ ಮುಚ್ಚಿದ್ದವು, ಅನಂತರವೂ ಅರ್ಧ ಆಸನಗಳಿಗೆ ಮಾತ್ರ ಅನುಮತಿಯಿತ್ತು; 2021ರ ಏಪ್ರಿಲಿನಲ್ಲಿ ಮತ್ತೆ ಪಾರ್ಸೆಲ್ಲಿಗೆ ಇಳಿದವು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಅಂತಹದರಲ್ಲಿಯೂ ತಿಂಗಳುಗಟ್ಟಲೆ ಹುಡುಗರಿಗೆ ಅನ್ನವಿಕ್ಕಿದ ಮಾಲಿಕರಿದ್ದರು. ಅವರನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ದುಡಿದು ಉಂಡ ಅನ್ನಕ್ಕೆ ಋಣ ಯಾವುದು? ಅದನ್ನು ಪ್ರಾಣದಿಂದ ತೀರಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೊರಟವನು ಮರಳಿ ಬಂದಾಗ ಅವನ ಜಾಗ ಅವನಿಗಿರುತ್ತದೆಂದು ಮಾತು ಕೊಡುವ ಮಾಲಿಕನಿಗೇ ಹೋಟೆಲು ಮರಳಿ ತೆರೆದ ದಿನ ಕೈಗಳು ಸಿಕ್ಕುತ್ತವೆ. ಇದು ವ್ಯಾಪಾರದ ದೃಷ್ಟಿಯಿಂದಲೂ ಸರಿಯಾದ ಲೆಕ್ಕ.

ಅಟ್ಟ ಬಿಟ್ಟು ಮಲಗುವುದೆಲ್ಲಿ ಎಂದು ಕೇಳಬಹುದು. ನಮ್ಮ ಸಂಘಸಂಸ್ಥೆಗಳು ಹೊರನಾಡಿನ ನಗರಗಳಲ್ಲಿ ಸಭಾಭವನಗಳನ್ನು ಕಟ್ಟಿಕೊಂಡಿವೆ. ರೋಗಕಾಲದಲ್ಲಿ ಅಲ್ಲಿ ಮದುವೆಯೂ ಇಲ್ಲ, ಯಕ್ಷಗಾನವೂ ಇಲ್ಲ. ಎತ್ತರದ ಮಾಡು, ಎರಡು ಬದಿಯ ಕಿಟಕಿಗಳುಳ್ಳ ಆ ಭವನಗಳನ್ನು ರಾತ್ರಿ ಮಲಗಲು ತೆರೆದಿಡುವ ನಿರ್ಣಯವನ್ನು ಈಗಿನ ವಾರ್ಷಿಕ ಸಭೆಗಳಲ್ಲಿಯೇ ಬರೆದಿಡಲು ಯಾವ ಅಡ್ಡಿಯಿದೆ? ಮಾಲಿಕರ ಸಂಘಗಳು ನೀರಿನ ಮತ್ತು ದೀಪದ ವೆಚ್ಚ ವಹಿಸಲಿ.

ಗುಮಾಸ್ತ ಬಂಧುಗಳಿಗೂ ಇಲ್ಲೊಂದು ಕೆಲಸವಿದೆ. ಹಿಂದೆ ಹೋಟೆಲಿನ ಹುಡುಗರ ಮನಿಆರ್ಡರ್ ಫಾರಮುಗಳನ್ನು ತುಂಬಿಕೊಟ್ಟವರು ತಾವೇ ಅಲ್ಲವೆ? 2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯ ಪ್ರಕಾರ, ಕೆಲಸದ ಜಾಗದಲ್ಲಿ ಆರೋಗ್ಯಕ್ಕೆ ಸನ್ನಿಹಿತ ಅಪಾಯವಿದೆಯೆಂದು ಸಕಾರಣವಾಗಿ ಶಂಕಿಸುವ ನೌಕರನು ಮಾಲಿಕನಿಗೂ, ಜೊತೆಯಲ್ಲಿಯೇ ಸರಕಾರದ ಪರಿವೀಕ್ಷಕನಿಗೂ ತಿಳಿಸಬಹುದು. ಅದನ್ನು ತಿಳಿಸುವ ಪತ್ರವನ್ನು ಬರೆದುಕೊಡಿರಿ. ಹೆಸರು, ಕೆಲಸಕ್ಕೆ ಸೇರಿದ ದಿನಾಂಕ, ಬಾಕಿ ಸಂಬಳ, ಅಟ್ಟದಲ್ಲಿ ಮಲಗುವವರ ಸಂಖ್ಯೆ, ಕಿಟಕಿಗಳ ಸಂಖ್ಯೆ, ಇಷ್ಟಿದ್ದರೆ ಸಾಕು. ಒಂದು ಪ್ರತಿ ಮಾಲಿಕರಿಗೆ, ಒಂದು ಪರಿವೀಕ್ಷಕರಿಗೆ, ಮೂರನೆಯದು ಬರೆಸಿದವನ ಪೆಟ್ಟಿಗೆಯಲ್ಲಿ ಇರಲಿ.