ನಿಮ್ಮ ಲೆಕ್ಕ ಎಣಿಸುವವರು ಯಾರು?



ಈ ಸಲ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀವು ವ್ಯಾಯಾಮ ಮಾಡುವುದು ಒಬ್ಬರೇನಾ, ಅಥವಾ ಜೊತೆಯಲ್ಲಿ ಯಾರಾದರೂ ಇರುತ್ತಾರಾ? ಜಿಮ್ ಆಗಲಿ, ಮನೆಯ ಗರಾಜ್ ಆಗಲಿ, ಫ್ರೀಮಾಂಟಿನ ಲೇಕ್ ಎಲಿಜಬೆತ್ ಸುತ್ತ ಹಾಕುವ ನಡಿಗೆಯಾಗಲಿ, ಪ್ರಶ್ನೆ ಎಲ್ಲದಕ್ಕೂ ಒಂದೇ.

ಬಹಳ ವರ್ಷ ನನ್ನ ಉತ್ತರ "ಒಬ್ಬನೇ" ಎಂದಾಗಿತ್ತು. ಅದರಲ್ಲಿ ಸುಖವೂ ಇತ್ತು. ಯಾರಿಗೂ ಕಾಯಬೇಕಿಲ್ಲ, ಯಾರ ಮೀಟಿಂಗ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಬೇಕಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಆ ಮುಕ್ಕಾಲು ಗಂಟೆ ಪೂರ್ತಿ ನನ್ನದೇ. 2020ರ ಮಾರ್ಚ್‌ನಲ್ಲಿ ಬೇ ಏರಿಯಾದ ಆರು ಕೌಂಟಿಗಳು "ಮನೆಯಲ್ಲೇ ಇರಿ" ಎಂದು ಆದೇಶ ಹೊರಡಿಸಿ, ಜಿಮ್‌ಗಳು ಬಾಗಿಲು ಹಾಕಿದಾಗ ನಮ್ಮಲ್ಲಿ ಹಲವರು ಮಾಡಿದ್ದನ್ನೇ ನಾನೂ ಮಾಡಿದೆ. ಕಾರನ್ನು ಹೊರಗೆ ನಿಲ್ಲಿಸಿ, ಗರಾಜಿಗೆ ಒಂದು ಬೆಂಚು, ಒಂದು ಬಾರ್, ಒಂದಷ್ಟು ಪ್ಲೇಟುಗಳನ್ನು ತಂದಿಟ್ಟೆ.

ಮರುವರ್ಷ ಒಂದು ಸಂಜೆ ಬೆಂಚ್ ಪ್ರೆಸ್ ಮಾಡುತ್ತಿದ್ದೆ. ಬೆಂಚಿನ ಮೇಲೆ ಅಂಗಾತ ಮಲಗಿ, ಬಾರನ್ನು ಎದೆಯ ತನಕ ಇಳಿಸಿ ಮತ್ತೆ ಮೇಲಕ್ಕೆ ತಳ್ಳುವ ವ್ಯಾಯಾಮ ಅದು. ಏಳು ಸಲ ಎತ್ತಿದೆ. ಎಂಟನೆಯ ಸಲ ಬಾರ್ ಎದೆಯ ಮೇಲೆ ಕೂತಿತು, ಮೇಲೇಳಲಿಲ್ಲ. ಪ್ಲೇಟುಗಳು ಜಾರದಿರಲೆಂದು ಎರಡೂ ತುದಿಗೆ ಕ್ಲಿಪ್ ಹಾಕಿದ್ದೆ. ಹಾಗಾಗಿ ಬಾರನ್ನು ವಾಲಿಸಿ ಪ್ಲೇಟುಗಳನ್ನು ಕೆಳಗೆ ಬೀಳಿಸುವ ದಾರಿಯೂ ಇರಲಿಲ್ಲ. ಕೈಗೆಟುಕದ ಶೆಲ್ಫಿನ ಮೇಲೆ ಫೋನು ಹಾಡುತ್ತಿತ್ತು. ಹೆಂಡತಿ ಮಹಡಿಯಲ್ಲಿ ಆಫೀಸಿನ ಕಾಲ್‌ನಲ್ಲಿದ್ದಳು. ಕೂಗೋಣವೆಂದರೆ ಉಸಿರಿಲ್ಲ.

ಆಗ ಸೈಕಲ್ ಪಂಪ್ ಹುಡುಕಿಕೊಂಡು ಹದಿಮೂರು ವರ್ಷದ ಮಗ ಬಂದ. ಒಂದು ಕ್ಷಣ ನೋಡಿದ, ಓಡಿ ಬಂದು ಬಾರಿನ ಒಂದು ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ, ನಾನು ಪಕ್ಕಕ್ಕೆ ಜಾರಿಕೊಂಡೆ. ನಾಲ್ಕು ದಿನ ಪಕ್ಕೆ ನೋವು, ಅಷ್ಟೇ. ಆದರೆ ಅವತ್ತು ಅವನ ಟಯರಿನಲ್ಲಿ ಗಾಳಿ ಸಾಕಷ್ಟು ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಆದ್ದರಿಂದ ಮೊದಲ ಮಾತು, ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಮೈಮೇಲೆ ಬೀಳಬಹುದಾದ ಭಾರವನ್ನು ಒಬ್ಬರೇ ಎತ್ತಬೇಡಿ. ಜೊತೆಗೆ ಯಾರೂ ಸಿಗದ ದಿನ ಡಂಬೆಲ್ ಹಿಡಿಯಿರಿ, ಇಲ್ಲವೇ ಬಾರನ್ನು ತಡೆದು ನಿಲ್ಲಿಸುವ ಅಡ್ಡಕಂಬಿಗಳಿರುವ ರ‍್ಯಾಕ್ ಬಳಸಿ. ಮಕ್ಕಳೇ, ನಿಮಗೂ ಹೇಳುತ್ತಿದ್ದೇನೆ. ಭಾರ ಎತ್ತಿದರೆ ಬೆಳವಣಿಗೆ ನಿಂತುಹೋಗುತ್ತದೆ ಎಂದು ಅಜ್ಜ ಅಜ್ಜಿ ಹೆದರಿಸಿರಬಹುದು. ಸರಿಯಾದ ವಿಧಾನದಲ್ಲಿ, ತಿಳಿದ ದೊಡ್ಡವರ ಕಣ್ಣೆದುರು ಮಾಡಿದರೆ ಇಂಥ ವ್ಯಾಯಾಮ ಮಕ್ಕಳಿಗೂ ಒಳ್ಳೆಯದೇ ಎಂದು ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಆದರೆ ಆ ಎರಡು ಷರತ್ತುಗಳನ್ನು ಬಿಟ್ಟು ಉಳಿದರ್ಧ ಮಾತನ್ನು ಮಾತ್ರ ಅಪ್ಪ ಅಮ್ಮನಿಗೆ ತೋರಿಸಬೇಡಿ!

ಅಪಾಯದ ಮಾತು ಹಾಗಿರಲಿ. ಬರೀ ನಡಿಗೆ, ಓಟ, ಯೋಗಕ್ಕೆ ಜೊತೆ ಯಾಕೆ ಬೇಕು? ಇದಕ್ಕೆ ಉತ್ತರ ನಮ್ಮ ಮೈಸೂರಿನ ಗರಡಿ ಮನೆಗಳಲ್ಲಿದೆ. ಅಲ್ಲಿ ದಂಡ, ಬಸ್ಕಿ ಹೊಡೆಯುವುದು, ಗದೆ ತಿರುಗಿಸುವುದು ಎಲ್ಲ ಒಬ್ಬೊಬ್ಬರೇ ಮಾಡುವ ಕಸರತ್ತು. ಆದರೆ ಕೆಮ್ಮಣ್ಣಿನ ಮಟ್ಟಿಗೆ ಇಳಿದ ಮೇಲೆ ಜೋಡಿ ಬೇಕೇ ಬೇಕು. ಕುಸ್ತಿಯ ಪಟ್ಟುಗಳನ್ನು ಗಾಳಿಯ ಜೊತೆ ಅಭ್ಯಾಸ ಮಾಡಲಾಗುವುದಿಲ್ಲ. ಒಬ್ಬ ಬರದಿದ್ದರೆ ಇನ್ನೊಬ್ಬನ ಅಭ್ಯಾಸವೂ ಅವತ್ತು ಕೆಟ್ಟಂತೆ. ಹಾಗಾಗಿ "ಎಲ್ಲೋ ಅವನು?" ಎಂದು ಕೇಳುವವರು ಅಲ್ಲಿ ಇದ್ದೇ ಇರುತ್ತಾರೆ.

ನಮ್ಮ ಜಿಮ್‌ಗಳಲ್ಲಿ ಹಾಗಲ್ಲ. ಬಾಗಿಲಲ್ಲಿ ಕಾರ್ಡ್ ತೋರಿಸಿದರೆ ಕೀ ಎನ್ನುತ್ತದೆ, ಒಳಗೆ ಹೋಗುತ್ತೇವೆ. ಮೂರು ತಿಂಗಳು ಹೋಗದಿದ್ದರೂ ಶುಲ್ಕ ತಾನಾಗಿ ಕಡಿತವಾಗುತ್ತಿರುತ್ತದೆ, ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಜೊತೆಗಾರರಿಂದ ಆಗುವ ದೊಡ್ಡ ಲಾಭ ಹೆಚ್ಚು ಭಾರ ಎತ್ತುವುದಲ್ಲ. ನೀವು ಬರಲಿಲ್ಲ ಎಂಬುದು ಒಬ್ಬರಿಗಾದರೂ ಗೊತ್ತಾಗುತ್ತದೆ, ಅದೇ ಲಾಭ. ಊರಿನಿಂದ ಇಷ್ಟು ದೂರ ಬಂದು, ಪಕ್ಕದ ಮನೆಯವರ ಹೆಸರೂ ಸರಿಯಾಗಿ ತಿಳಿಯದೆ ಬದುಕುತ್ತಿರುವ ನಮಗೆ ಇದು ಸಣ್ಣ ವಿಷಯವಲ್ಲ.

ಹಾಗೆಂದು ಎಲ್ಲರಿಗೂ ಜೊತೆ ಒಗ್ಗುತ್ತದೆ ಎಂದು ನಾನು ಹೇಳಲಾರೆ. ನಾರ್ಮನ್ ಟ್ರಿಪ್ಲೆಟ್ ಎಂಬ ಸಂಶೋಧಕರು 1898ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೀನಿನ ಗಾಳದ ರಾಟೆಯನ್ನು ಆದಷ್ಟು ಬೇಗ ತಿರುಗಿಸುವುದು, ಒಮ್ಮೆ ಒಬ್ಬರೇ, ಒಮ್ಮೆ ಇನ್ನೊಬ್ಬರ ಜೊತೆ ಪೈಪೋಟಿಯಲ್ಲಿ. 40 ಮಕ್ಕಳಲ್ಲಿ 20 ಮಕ್ಕಳು ಜೊತೆಯಿದ್ದಾಗ ವೇಗವಾಗಿ ತಿರುಗಿಸಿದರು. 10 ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಉಳಿದ 10 ಮಕ್ಕಳು ಗಡಿಬಿಡಿಯಾಗಿ ಇನ್ನೂ ನಿಧಾನವಾದರು. ಪೋಷಕರೇ, ನಿಮ್ಮ ಮಗುವೂ ಆ ಹತ್ತರಲ್ಲಿ ಒಂದಾಗಿರಬಹುದು. "ನೋಡು, ಅವರ ಮಗಳು ಎಷ್ಟು ಚೆನ್ನಾಗಿ ಓಡುತ್ತಾಳೆ" ಎಂದು ಅಂಥ ಮಗುವನ್ನು ಜೋಡಿ ಮಾಡಿ ಕಳಿಸಿದರೆ, ಮಗು ಓಡುವುದನ್ನೇ ಬಿಡುತ್ತದೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿಲ್ಲ. ಗರಾಜಿನ ಆ ಘಟನೆಯ ನಂತರ ಮಗನನ್ನೇ ಜೊತೆಗಾರನನ್ನಾಗಿ ಮಾಡಿಕೊಂಡೆ. ಹಗುರವಾದ ಡಂಬೆಲ್, ದಂಡ, ಪ್ಲ್ಯಾಂಕ್ ಇಷ್ಟೇ ಅವನ ಪಾಲಿಗೆ. ಎರಡು ವಾರ ಖುಷಿಯಿಂದ ಬಂದ. ಮೂರನೆಯ ವಾರ ಹೋಮ್‌ವರ್ಕ್ ಇದೆ ಎಂದ, ನಾಲ್ಕನೆಯ ವಾರ ತಲೆನೋವು ಎಂದ. ಯಾಕೋ ಎಂದು ಕೇಳಿದೆ. "ಅಪ್ಪಾ, ನೀವು ಪಾರ್ಟ್‌ನರ್ ಅಲ್ಲ, ಮೇಷ್ಟ್ರು" ಎಂದ. ಯೋಚಿಸಿ ನೋಡಿದರೆ ನಿಜ. ಬೆನ್ನು ನೆಟ್ಟಗಿಡು, ಮೊಣಕೈ ಒಳಗೆ ತಾ, ನಿನ್ನೆ ಹತ್ತು ಮಾಡಿದ್ದೆ ಇವತ್ತು ಯಾಕೆ ಎಂಟು, ಗಣಿತದ ಟೆಸ್ಟ್ ಏನಾಯಿತು. ಆ ಅರ್ಧ ಗಂಟೆಯನ್ನೂ ನಾನು ಒಂದು ಕ್ಲಾಸ್ ಮಾಡಿಬಿಟ್ಟಿದ್ದೆ.

ಆಮೇಲೆ ಇಬ್ಬರೂ ಕೂತು ಒಂದು ನಿಯಮ ಮಾಡಿಕೊಂಡೆವು. ಅವನ ಲೆಕ್ಕ ನಾನು ಎಣಿಸುವುದು, ನನ್ನ ಲೆಕ್ಕ ಅವನು ಎಣಿಸುವುದು, ಅದೂ ಕನ್ನಡದಲ್ಲಿ. ಪೆಟ್ಟಾಗುವಂತಿದ್ದರೆ ಮಾತ್ರ ಬಾಯಿ ಹಾಕುವುದು, ಉಳಿದಂತೆ ಉಪದೇಶವಿಲ್ಲ. ಮೊದಲ ದಿನವೇ ನನ್ನ ಪ್ಲ್ಯಾಂಕ್‌ಗೆ ಅವನು ಅರವತ್ತರವರೆಗೆ ಎಣಿಸಬೇಕಿತ್ತು. ಮೂವತ್ತೆಂಟರ ತನಕ ಸರಾಗವಾಗಿ ಬಂದವನು ಅಲ್ಲೇ ನಿಂತುಬಿಟ್ಟ. ಮೂವತ್ತೊಂಬತ್ತು ಅವನಿಗೆ ನೆನಪಾಗುವವರೆಗೂ ನಾನು ಮೊಣಕೈ ಊರಿಕೊಂಡು ನಡುಗುತ್ತಿದ್ದೆ. ಈಗ ನೂರರ ತನಕ ತಪ್ಪಿಲ್ಲದೆ ಹೇಳುತ್ತಾನೆ. ನನ್ನ ಪ್ಲ್ಯಾಂಕ್ ಇನ್ನೂ ಅರವತ್ತು ದಾಟಿಲ್ಲ.

ಜೋಡಿಯೇ ಬೇಡ ಎನ್ನುವ ಸಂಕೋಚದ ಮಕ್ಕಳಿಗೂ, ದೊಡ್ಡವರಿಗೂ ಒಂದು ನಡುದಾರಿಯಿದೆ, ಅದೂ ನಮ್ಮ ಊರಿನದೇ. ಅಮೆರಿಕದ ಎಷ್ಟೋ ಯೋಗ ಕೇಂದ್ರಗಳ ವೇಳಾಪಟ್ಟಿಯಲ್ಲಿ "ಮೈಸೂರ್ ಸ್ಟೈಲ್" ಎಂಬ ತರಗತಿ ಇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ನಡೆಸಿದ ಯೋಗಶಾಲೆಯ ಪರಂಪರೆಯಿಂದ ಬಂದದ್ದು ಅದು. ಎಲ್ಲರೂ ಒಂದೇ ಕೋಣೆಯಲ್ಲಿರುತ್ತಾರೆ, ಆದರೆ ಪ್ರತಿಯೊಬ್ಬರೂ ತಮ್ಮ ಉಸಿರಿನ ಲಯಕ್ಕೆ ತಮ್ಮ ಆಸನ ಮಾಡಿಕೊಳ್ಳುತ್ತಾರೆ. ಗುರುಗಳು ಓಡಾಡುತ್ತ ಬೇಕಾದವರಿಗೆ ಮಾತ್ರ ಕೈ ಕೊಡುತ್ತಾರೆ. ಪೈಪೋಟಿಯಿಲ್ಲ, ಒಂಟಿತನವೂ ಇಲ್ಲ. ಮನೆಯಲ್ಲೂ ಇದನ್ನು ಮಾಡಬಹುದು: ಒಂದೇ ಹೊತ್ತಿಗೆ, ಒಂದೇ ಕೋಣೆಯಲ್ಲಿ, ಅವರವರ ಪಾಡಿಗೆ.

ಒಬ್ಬನೇ ಇರುವ ಸುಖವನ್ನು ನಾನೂ ಪೂರ್ತಿ ಬಿಟ್ಟಿಲ್ಲ. ವಾರಕ್ಕೊಂದು ಬೆಳಗ್ಗೆ ಮಿಷನ್ ಪೀಕ್ ಕಡೆ ಒಬ್ಬನೇ ಹೋಗುತ್ತೇನೆ. ವ್ಯತ್ಯಾಸವೆಂದರೆ ಈಗ ಹೊರಡುವ ಮುಂಚೆ, ಇಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗುತ್ತೇನೆ. ಬಿಸಿಲು ಜೋರು, ನೆರಳು ಕಡಿಮೆ, ಬೇಸಿಗೆಯಲ್ಲಿ ಬುಡುಬುಡುಕೆ ಹಾವುಗಳೂ ಇರುವ ಗುಡ್ಡ ಅದು.

ಕೊನೆಯದಾಗಿ ಒಂದು ಕೋರಿಕೆ. ಪ್ರತಿ ವಾರ ನಮ್ಮ ಮಕ್ಕಳು ಒಳಗೆ ಕಾಗುಣಿತ ಬರೆಯುತ್ತಿರುವಾಗ ನಾವು ಪಾರ್ಕಿಂಗ್ ಲಾಟಿನಲ್ಲಿ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ ಕೂತು ಫೋನ್ ನೋಡುತ್ತಿರುತ್ತೇವೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಅದರ ಒಂದು ದೊಡ್ಡ ಪಾಲು ಅಲ್ಲೇ, ಆ ಹೊತ್ತಿನಲ್ಲೇ ಮುಗಿಯಬಹುದು. ಮುಂದಿನ ತರಗತಿಯ ದಿನ ಪಕ್ಕದ ಕಾರಿನ ಗಾಜು ತಟ್ಟಿ, "ಒಂದು ಸುತ್ತು ಹೋಗೋಣ್ವಾ?" ಎಂದು ಕೇಳಿ. ಅವರು ಬೇಡ ಎಂದರೆ ಬೇಸರಿಸದೆ ಅದರಾಚೆಯ ಕಾರಿಗೆ ಹೋಗಿ. ಅಲ್ಲಿ ಬಹುಶಃ ನಾನೇ ಇರುತ್ತೇನೆ, ಶೂ ಹಾಕಿಕೊಂಡು ಬಂದಿರುತ್ತೇನೆ.