ಹಬ್ಬದ ಬಿಲ್ಲಿನಲ್ಲಿ ಸಿಯೋಲ್‌ಗೆ ಹಾರಬಹುದೇ?



ಕಳೆದ ತಿಂಗಳ ಯುವ ಸಭೆಯಲ್ಲಿ ಎದ್ದ ಒಂದು ಪ್ರಶ್ನೆ ಸಭೆಯಲ್ಲಿ ಮುಗಿಯಲಿಲ್ಲ. ಚರ್ಚಿನ ಮೆಟ್ಟಿಲಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಕೊನೆಗೆ ಕೆಲವು ಮನೆಗಳ ಊಟದ ಮೇಜಿನವರೆಗೂ ಅದು ಹೋಯಿತು. ಸಭೆಯಲ್ಲಿ ಕೂತಿದ್ದ ನಾವು ಕೆಲವರು ನಮ್ಮ ಅಭಿಪ್ರಾಯವನ್ನು ಬರೆದೇ ಬಿಡೋಣ ಎಂದುಕೊಂಡೆವು.

ವಿಷಯ ಇಷ್ಟೇ. 2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ವಿಶ್ವ ಯುವಜನ ದಿನ. 2023ರಲ್ಲಿ ಲಿಸ್ಬನ್‌ನ ಕೊನೆಯ ಬಲಿಪೂಜೆಯಲ್ಲಿ ಪೋಪ್ ಫ್ರಾನ್ಸಿಸ್ ಸಿಯೋಲ್ ಹೆಸರು ಹೇಳಿದ ದಿನದಿಂದಲೇ ನಮ್ಮಲ್ಲಿ ನಾಲ್ಕೈದು ಮಂದಿಗೆ ಅಲ್ಲಿಗೆ ಹೋಗುವ ಆಸೆ. ಆಸೆಗೆ ತಕ್ಕ ಹಣವಿಲ್ಲ. ಆಗ ನಮ್ಮಲ್ಲೊಬ್ಬ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ರಾತ್ರಿ ರೈಲಿನಲ್ಲಿ ಊರಿಗೆ ಬರುವವನು, ಒಂದು ದಾರಿ ಹೇಳಿದ. ಹೊಸ ಕ್ರೆಡಿಟ್ ಕಾರ್ಡ್ ತೆಗೆದುಕೊಂಡು ಮೂರು ತಿಂಗಳೊಳಗೆ ಇಂತಿಷ್ಟು ಖರ್ಚು ಮಾಡಿದರೆ ಬ್ಯಾಂಕು ‘ವೆಲ್‌ಕಮ್ ಬೋನಸ್’ ಕೊಡುತ್ತದೆ. ಆ ಪಾಯಿಂಟುಗಳನ್ನು ವಿಮಾನ ಕಂಪನಿಯ ಮೈಲ್ಸ್ ಆಗಿ ಬದಲಿಸಿ ಟಿಕೆಟ್ ಪಡೆಯಬಹುದು. ಅಷ್ಟು ಖರ್ಚು ನಮಗೆಲ್ಲಿದೆ ಎಂದು ಕೇಳಿದ್ದಕ್ಕೆ ಅವನ ಉತ್ತರ ಸಿದ್ಧವಾಗಿತ್ತು: “ವಾರ್ಷಿಕ ಹಬ್ಬದ ಪೆಂಡಾಲು, ಲೈಟು, ಸೌಂಡು, ಊಟ ಎಲ್ಲ ಸೇರಿ ಮೂರು ಲಕ್ಷ ದಾಟುತ್ತದಲ್ಲ? ಅದನ್ನು ನಮ್ಮ ಕಾರ್ಡಿನಲ್ಲಿ ಕೊಡೋಣ. ಚರ್ಚಿನ ಹಣ ಬಂದ ಕೂಡಲೇ ಬಿಲ್ ಕಟ್ಟೋಣ. ಚರ್ಚಿಗೆ ಒಂದು ಪೈಸೆ ನಷ್ಟವಿಲ್ಲ.”

ಬುದ್ಧಿವಂತ ಹುಡುಗ. ಕೆಟ್ಟ ಉದ್ದೇಶವೂ ಇಲ್ಲ. ಆದರೂ ಇದು ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಮೊದಲು ಈ ಆಟ ಎಲ್ಲಿಯದು ಎಂದು ನೋಡೋಣ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲ್ಸ್ ಯೋಜನೆ ಆರಂಭಿಸಿತು, 1987ರಲ್ಲಿ ಸಿಟಿಬ್ಯಾಂಕಿನ ಜೊತೆ ಸೇರಿ ಕ್ರೆಡಿಟ್ ಕಾರ್ಡ್ ತಂದಿತು. ಹಾರದೆಯೂ ಮೈಲ್ಸ್ ಗಳಿಸುವ ಹವ್ಯಾಸ ಅಲ್ಲಿ ಬೆಳೆದದ್ದು ಹೀಗೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಒಂದು ಕಂಪನಿಯ ಕೊಡುಗೆಯ ಸಣ್ಣಕ್ಷರ ಓದಿ 12,150 ಕಪ್ ಪುಡಿಂಗ್ ಕೊಂಡರು. ಖರ್ಚಾದದ್ದು ಸುಮಾರು 3,140 ಡಾಲರ್, ಸಿಕ್ಕಿದ್ದು ಹನ್ನೆರಡೂವರೆ ಲಕ್ಷ ಮೈಲ್ಸ್. ಅಷ್ಟು ಪುಡಿಂಗ್ ತಿನ್ನುವವರು ಯಾರು? ಅವರು ಅದನ್ನು ಸಾಲ್ವೇಶನ್ ಆರ್ಮಿಗೆ ದಾನ ಕೊಟ್ಟರು, ಪ್ರತಿಯಾಗಿ ಅಲ್ಲಿನ ಸ್ವಯಂಸೇವಕರು ಲೇಬಲ್ ಕೀಳಲು ನೆರವಾದರು. ಈ ಕಥೆ ಕೇಳಿ ನಾವೂ ನಕ್ಕೆವು. ಅಮೆರಿಕದ ಟಂಕಸಾಲೆ ಡಾಲರ್ ನಾಣ್ಯಗಳನ್ನು ಅಂಚೆ ಖರ್ಚಿಲ್ಲದೆ ಮನೆಗೆ ಕಳಿಸುತ್ತಿದ್ದಾಗ, ಜನ ಕಾರ್ಡಿನಲ್ಲಿ ನಾಣ್ಯ ಕೊಂಡು, ಅದೇ ನಾಣ್ಯವನ್ನು ಬ್ಯಾಂಕಿಗೆ ಹಾಕಿ ಕಾರ್ಡಿನ ಬಿಲ್ ಕಟ್ಟಿ ಮೈಲ್ಸ್ ಮಾತ್ರ ಉಳಿಸಿಕೊಂಡರಂತೆ. 2011ರಲ್ಲಿ ಅದಕ್ಕೂ ತಡೆ ಬಿತ್ತು.

ನಮ್ಮ ಹುಡುಗ ಓದಿದ್ದು ಅಲ್ಲಿನವರು ಬರೆದದ್ದನ್ನೇ. ಅಲ್ಲಿ ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ಕಟ್ಟುವ ಶುಲ್ಕ ಹೆಚ್ಚು, ಹಾಗಾಗಿ ಬೋನಸ್ಸೂ ದೊಡ್ಡದು. ಯುರೋಪಿನಲ್ಲಿ 2015ರ ಕಾನೂನು ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡಿಗೆ ಬ್ಯಾಂಕು ಪಡೆಯುವ ಈ ಪಾಲನ್ನು ಶೇ. 0.3ಕ್ಕೆ ಕಟ್ಟಿಹಾಕಿದ್ದರಿಂದ ಅಲ್ಲಿ ಅಂಥ ಬೋನಸ್ ಅಷ್ಟಾಗಿ ಇಲ್ಲ. ಅಂದರೆ ಮೈಲ್ಸ್ ಆಕಾಶದಿಂದ ಉದುರುವ ಮನ್ನಾ ಅಲ್ಲ. ಅಂಗಡಿಯವನ ಶುಲ್ಕದಿಂದ, ಕಾರ್ಡಿನ ವಾರ್ಷಿಕ ಶುಲ್ಕದಿಂದ, ಮತ್ತು ಬಿಲ್ ಪೂರ್ತಿ ಕಟ್ಟಲಾಗದವನ ಬಡ್ಡಿಯಿಂದ ಬರುವ ಹಣ ಅದು. ಕಾರ್ಡ್ ಕೊಟ್ಟರೆ ಶೇಕಡಾ ಎರಡು ಜಾಸ್ತಿ ಆಗುತ್ತದೆ ಎಂದು ಪೇಟೆಯ ಅಂಗಡಿಯಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಈಗ ನಮ್ಮ ಲೆಕ್ಕ. ಉದಾಹರಣೆಗೆ ಒಂದು ಕಾರ್ಡಿನ ವಾರ್ಷಿಕ ಶುಲ್ಕ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 18 ಜಿಎಸ್‌ಟಿ ಸೇರಿದರೆ 5,900. ಮೂರು ತಿಂಗಳಲ್ಲಿ ಒಂದೂವರೆ ಲಕ್ಷ ಖರ್ಚು ಮಾಡಿದರೆ 10,000 ಪಾಯಿಂಟು. ಒಂದು ಪಾಯಿಂಟಿಗೆ ಒಂದು ರೂಪಾಯಿ ಬೆಲೆ ಬಂದರೆ ನಾಲ್ಕು ಸಾವಿರ ಲಾಭ. ಐವತ್ತು ಪೈಸೆಯೇ ಬಂದರೆ ಶುಲ್ಕವೂ ಹುಟ್ಟಲಿಲ್ಲ. ಪೆಟ್ರೋಲು, ಮನೆ ಬಾಡಿಗೆ, ವಾಲೆಟ್‌ಗೆ ಹಾಕಿದ ಹಣ ಹಲವು ಕಾರ್ಡುಗಳಲ್ಲಿ ಲೆಕ್ಕಕ್ಕೇ ಇಲ್ಲ. ಇನ್ನು ಆ ಒಂದೂವರೆ ಲಕ್ಷವನ್ನು ಒಂದು ತಿಂಗಳು ಕಟ್ಟಲು ಆಗದೆ ಹೋಯಿತು ಎನ್ನಿ. ತಿಂಗಳಿಗೆ ಶೇ. 3.75ರಂತೆ ಬಡ್ಡಿ 5,625, ಅದರ ಮೇಲೆ ಜಿಎಸ್‌ಟಿ, ಒಟ್ಟು 6,637 ರೂಪಾಯಿ ಚಿಲ್ಲರೆ. ಒಂದೇ ತಿಂಗಳಲ್ಲಿ ಲಾಭವೆಲ್ಲ ಮುಗಿದು ಕೈಯಿಂದಲೂ ಹೋಯಿತು. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ಬರೆದದ್ದನ್ನು ಮಾತ್ರ ಕಟ್ಟಿದರೆ ಸಾಕೆಂದು ತಿಳಿಯುವವರಿದ್ದಾರೆ. ಅದು ಬಾಕಿಯ ಶೇ. 5 ಆದರೆ 7,500 ರೂಪಾಯಿ. ಬಡ್ಡಿ ಕಳೆದರೆ ಸಾಲ ಇಳಿಯುವುದು ಎಂಟುನೂರ ಚಿಲ್ಲರೆ ಮಾತ್ರ. ಮೇಲಾಗಿ, ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಬಡ್ಡಿಯಿಲ್ಲದ ನಲವತ್ತೈದು ದಿನ ಎಂಬ ಮಾತು ಪೂರ್ತಿ ಕಟ್ಟುವವರಿಗೆ ಮಾತ್ರ.

ಇದನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ನಮ್ಮದೇ ಘಟಕದ ಒಬ್ಬ ತಮ್ಮನಿಗೆ ಹೀಗಾಗಿದೆ. ಮೊದಲ ಕೆಲಸ, ತಿಂಗಳಿಗೆ ಇಪ್ಪತ್ತೆರಡು ಸಾವಿರ ಸಂಬಳ. ಬೋನಸ್ಸಿಗಾಗಿ ಐದು ತಿಂಗಳಲ್ಲಿ ಮೂರು ಕಾರ್ಡ್ ತೆಗೆದ. ಖರ್ಚಿನ ಗುರಿ ತಲುಪಲು ಬೇಡದ ಫೋನು, ಗೆಳೆಯರಿಗೆ ಟಿಕೆಟು, ಮನೆಗೆ ಒಂದು ಫ್ರಿಜ್. ಗೆಳೆಯರು ಹಣ ಕೊಡಲು ತಡಮಾಡಿದರು, ಅಷ್ಟರಲ್ಲಿ ಕೆಲಸವೂ ಹೋಯಿತು. ಅವನ ಅಮ್ಮ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಅಧ್ಯಕ್ಷೆಯನ್ನು ಪಕ್ಕಕ್ಕೆ ಕರೆದು, “ಮಗಳೇ, ದಿನಾ ಮಲಯಾಳದಲ್ಲಿ ಯಾರೋ ಫೋನ್ ಮಾಡಿ ಗದರುತ್ತಾರೆ, ನನಗೆ ಅರ್ಥ ಆಗುವುದಿಲ್ಲ, ನೀನು ಸ್ವಲ್ಪ ಕೇಳು” ಎಂದರು. ಆಗಲೇ ನಮಗೆ ಗೊತ್ತಾದದ್ದು. ಆ ವರ್ಷ ಅಡಿಕೆ ಮಾರಿದ ಹಣದಲ್ಲಿ ಒಂದು ದೊಡ್ಡ ಪಾಲು ಅದಕ್ಕೇ ಹೋಯಿತು.

ನಾವು ಹೇಳಿಕೊಳ್ಳಲು ನಾಚುವ ಒಂದು ಮಾತು ಇನ್ನೂ ಇದೆ. ಆ ಮೂರರಲ್ಲಿ ಎರಡು ಕಾರ್ಡಿಗೆ ಅವನು ಅರ್ಜಿ ಹಾಕಿದ್ದು ನಮ್ಮ ಯುವ ಗುಂಪಿನಲ್ಲಿ ಬಂದ ರೆಫರಲ್ ಲಿಂಕ್ ಒತ್ತಿ. ಲಿಂಕ್ ಹಾಕಿದವರು ನಮ್ಮಲ್ಲೇ ಇಬ್ಬರು. ಅವನಿಗೆ ಕಾರ್ಡ್ ಸಿಕ್ಕಿದಾಗ ನಮಗೂ ಪಾಯಿಂಟು ಬಂತು. ಅದರಲ್ಲಿ ಒಬ್ಬಳು ಗೋವಾದ ಬಾಂ ಜೆಸು ಬಸಿಲಿಕಾ ನೋಡಲು ಹೋಗುವಾಗ ಹೋಟೆಲಿಗೆ ಆ ಪಾಯಿಂಟು ಬಳಸಿದಳು. ಅವನ ಸಂಬಳ ಎಷ್ಟು, ಕಟ್ಟಲು ಆಗುತ್ತದಾ ಎಂದು ನಾವು ಕೇಳಲೇ ಇಲ್ಲ. ಬಡ್ಡಿಯ ಬಗ್ಗೆ 1745ರಲ್ಲೇ ಹದಿನಾಲ್ಕನೇ ಬೆನೆಡಿಕ್ಟ್ ಪೋಪರು ಬರೆದ ವಿಶ್ವಪತ್ರವಿದೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಹೇಳಿದ್ದೆವು, ಅದೇ ಕೈಯಲ್ಲಿ ಲಿಂಕ್ ಕೂಡ ಕಳಿಸಿದ್ದೆವು.

ಹಾಗಾದರೆ ಕಾರ್ಡೇ ಪಾಪವೇ? ಹಾಗೆ ಹೇಳುವುದಿಲ್ಲ. ನಮ್ಮ ಧರ್ಮಕೇಂದ್ರದ ಒಬ್ಬ ನರ್ಸ್ ಅಕ್ಕ ಇದ್ದಾರೆ. ಮನೆಸಾಮಾನು, ಮಗುವಿನ ಶಾಲೆಯ ಶುಲ್ಕ, ಔಷಧಿ, ಹೇಗೂ ಮಾಡುವ ಖರ್ಚನ್ನಷ್ಟೇ ಒಂದೇ ಕಾರ್ಡಿನಲ್ಲಿ ಮಾಡುತ್ತಾರೆ, ಬಿಲ್ ಬಂದ ದಿನವೇ ಪೂರ್ತಿ ಕಟ್ಟುತ್ತಾರೆ. ಎರಡು ವರ್ಷದ ಪಾಯಿಂಟಿನಲ್ಲಿ ಅಪ್ಪ ಅಮ್ಮನನ್ನು ದೆಹಲಿಯಲ್ಲಿ ಕಾನ್ವೆಂಟಿನಲ್ಲಿರುವ ತಂಗಿಯ ವ್ರತದೀಕ್ಷೆಗೆ ಕರೆದುಕೊಂಡು ಹೋದರು. ಆ ಅಪ್ಪ ವಿಮಾನ ಹತ್ತಿದ್ದು ಅದೇ ಮೊದಲು. ಇದರಲ್ಲಿ ತಪ್ಪು ಹುಡುಕಲು ನಮಗೆ ಮನಸ್ಸಿಲ್ಲ. ಆದರೆ ಆ ಅಕ್ಕ ಅವಸರ ಮಾಡಲಿಲ್ಲ. ‘ಬೇಗ ಮೈಲ್ಸ್’ ಎಂಬ ಆಸೆಯಲ್ಲೇ ತೊಂದರೆ ಇರುವುದು, ಏಕೆಂದರೆ ಬೇಗ ಬರಬೇಕಾದರೆ ಖರ್ಚು ಬೇಗ ಆಗಬೇಕು.

ಮೈಲ್ಸ್ ಕೈಗೆ ಬಂದ ಮೇಲೂ ಸೀಟು ಸಿಗಬೇಕಲ್ಲ. ಮೈಲ್ಸ್‌ಗೆ ಬಿಡುವ ಸೀಟುಗಳು ಕೆಲವೇ. ಕ್ರಿಸ್ಮಸ್, ಬೇಸಿಗೆ ರಜೆ, ಇಂಥ ದೊಡ್ಡ ಸಮಾವೇಶದ ವಾರದಲ್ಲಿ ಅವು ಸಿಗುವುದು ಇನ್ನೂ ಕಷ್ಟ. ಸಿಕ್ಕಿದರೂ ತೆರಿಗೆ, ಸರ್‌ಚಾರ್ಜು ನಾವೇ ಕಟ್ಟಬೇಕು. ಎಷ್ಟು ಮೈಲ್ಸ್‌ಗೆ ಒಂದು ಟಿಕೆಟ್ ಎಂಬುದನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು. ಕಂಪನಿಯೇ ಉಳಿಯುತ್ತದೆ ಎಂದೂ ಇಲ್ಲ. 2019ರ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು, ಅದರ ವಿಮಾನ ಹತ್ತಲು ಮೈಲ್ಸ್ ಕೂಡಿಟ್ಟವರು ನೋಡುತ್ತಾ ನಿಂತರು. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿದಾಗ ಪಾಯಿಂಟುಗಳು ಹೊಸ ಯೋಜನೆಗೆ ಹೋದವು, ಅದು ಪುಣ್ಯ.

ಈಗ ಹಬ್ಬದ ಬಿಲ್ಲಿಗೆ ಬರೋಣ. ವೈಯಕ್ತಿಕ ಕಾರ್ಡನ್ನು ಸ್ವಂತ ಖರ್ಚಿಗೆ ಮಾತ್ರ ಬಳಸಬೇಕು ಎಂಬ ಷರತ್ತು ಹೆಚ್ಚಿನ ಬ್ಯಾಂಕುಗಳಲ್ಲಿದೆ. ಹಬ್ಬದ ಹಣ ಬರುವುದು ಕಾಣಿಕೆ ಡಬ್ಬಿಯಿಂದ, ವಾಡೊ ವಾಡೊ ತಿರುಗಿ ಗುರ್ಕಾರರು ತರುವ ವಂತಿಗೆಯಿಂದ, ಅಂದರೆ ಬಹುಪಾಲು ನಗದು. ಒಂದು ವರ್ಷದಲ್ಲಿ ಒಂದು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದಾಗಿ ಕಾರ್ಡಿನ ಬಿಲ್ಲಿಗೆ ಕಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಇಪ್ಪತ್ತೈದು ವರ್ಷದ ಹುಡುಗ ಅದು ಚರ್ಚಿನ ಹಣವೆಂದು ಯಾರಿಗೆ ವಿವರಿಸುತ್ತಾ ಕೂರಬೇಕು? ಪಾಲನಾ ಮಂಡಳಿಯ ಲೆಕ್ಕ ಪಾಸಾಗಲು ಎರಡು ವಾರ ತಡವಾದರೆ ಬಡ್ಡಿ ಯಾರ ತಲೆಗೆ?

ಇದೆಲ್ಲ ಸರಿಹೋಯಿತು ಎಂದೇ ಇಟ್ಟುಕೊಂಡರೂ ನಮ್ಮ ಮುಖ್ಯ ತಕರಾರು ಉಳಿಯುತ್ತದೆ. ಚರ್ಚಿಗೆ ಪೈಸೆ ನಷ್ಟವಿಲ್ಲ ಎಂಬ ಮಾತು ನಿಜ ಇರಬಹುದು. ಆದರೆ ಬೀಡಿ ಕಟ್ಟುವ ಅಜ್ಜಿ ಕೊಟ್ಟ ನೂರು ರೂಪಾಯಿಯಿಂದ ಹುಟ್ಟಿದ ಪಾಯಿಂಟು ಕಾರ್ಡ್ ಸಿಕ್ಕುವ ಸಂಬಳ ಇರುವವರ ಖಾತೆಗೆ ಮಾತ್ರ ಹೋಗುತ್ತದೆ. ಸಿಯೋಲ್‌ಗೆ ಹೋಗುವವರು ಯಾರು ಎಂಬುದನ್ನು ಆಗ ನಿರ್ಧರಿಸುವುದು ಬ್ಯಾಂಕು, ನಾವಲ್ಲ. ನಮ್ಮ ಘಟಕದಲ್ಲಿ ಗಾಯನ ಮಂಡಳಿಯನ್ನು ಎಂಟು ವರ್ಷದಿಂದ ನಡೆಸುತ್ತಿರುವವಳಿಗೆ ಯಾವ ಬ್ಯಾಂಕೂ ಕಾರ್ಡ್ ಕೊಡುವುದಿಲ್ಲ, ಏಕೆಂದರೆ ಅವಳು ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ, ಸ್ಯಾಲರಿ ಸ್ಲಿಪ್ ಇಲ್ಲ. ಹೋಗಲೇಬೇಕಾದ ಒಬ್ಬರ ಹೆಸರು ಹೇಳಿ ಎಂದರೆ ನಾವೆಲ್ಲ ಹೇಳುವುದು ಅವಳ ಹೆಸರನ್ನೇ.

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕುವ ಪ್ರಸ್ತಾಪವಿದೆ. ನಾವೂ ಹಾಕಿದೆವು. ಈ ಫೆಬ್ರವರಿಯಿಂದ 2027ರ ಏಪ್ರಿಲ್‌ವರೆಗೆ 15 ತಿಂಗಳು. ತಿಂಗಳಿಗೆ 3,500ರಂತೆ ಸಹಕಾರಿ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದರೆ ಅಸಲೇ 52,500. ಎಲ್ಲರಿಂದ ಆಗದು, ನಿಜ. ಅದಕ್ಕೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಆರ್‌ಡಿ ಬೇಡ, ಘಟಕದ ಹೆಸರಿನಲ್ಲಿ ಒಂದೇ ನಿಧಿ ಇರಲಿ, ಎಷ್ಟು ಮಂದಿಗೆ ಆಗುತ್ತದೋ ಅಷ್ಟು ಮಂದಿ ಹೋಗಲಿ, ಹೆಸರನ್ನು ಎಲ್ಲರೂ ಕೂತು ಆರಿಸೋಣ ಎಂದು ನಾವು ಕೇಳುತ್ತಿದ್ದೇವೆ. ನಾಲ್ವರ ಬದಲು ಇಬ್ಬರೇ ಹೋಗಬಹುದು. ಪ್ರಸ್ತಾಪ ತಂದ ಹುಡುಗನಿಗೆ ಇದರಿಂದ ಬೇಸರವಾಗಿದೆ, ಅವನೊಂದಿಗೆ ಮಾತು ಮುಂದುವರಿದಿದೆ.

ಈಗಾಗಲೇ ಕಾರ್ಡ್ ಇರುವವರಿಗೆ ಒಂದೆರಡು ಮಾತು. ಕೇಳದೆ ಕಾರ್ಡ್ ಕಳಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು. ಷರತ್ತುಗಳು ಸಾಧ್ಯವಾದಷ್ಟು ಸ್ಥಳೀಯ ಭಾಷೆಯಲ್ಲೂ ಇರಲಿ ಎಂದು ಅದೇ ನಿಯಮ ಹೇಳುತ್ತದೆ, ಕಾಸರಗೋಡಿನಲ್ಲಿ ಕನ್ನಡ ಓದುವ ಅಪ್ಪ ಅಮ್ಮಂದಿರಿಗೆ ಅದು ಎಂದು ತಲುಪುತ್ತದೋ. ಪ್ರತಿ ಅರ್ಜಿಯೂ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ. ಮುಂದೆ ನರ್ಸಿಂಗ್ ಓದಿಗೆ, ಮನೆಗೆ ಸಾಲ ಕೇಳುವವರು ನಾಲ್ಕೈದು ಕಾರ್ಡಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ. ಆ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು.

ನಮ್ಮ ಗುಂಪಿನಲ್ಲಿ ರೆಫರಲ್ ಲಿಂಕ್ ಹಾಕುವುದನ್ನು ಈ ವಾರದಿಂದ ನಿಲ್ಲಿಸಿದ್ದೇವೆ. ಲಿಂಕ್ ಹಾಕಿದ್ದ ಆ ಇಬ್ಬರು ತಮ್ಮ ಪಾಯಿಂಟಿನ ಬೆಲೆಯಷ್ಟು ಹಣವನ್ನು ಆ ತಮ್ಮನ ಬಾಕಿಗೆ ಕಟ್ಟಿದ್ದಾರೆ. ದೊಡ್ಡ ಮೊತ್ತವೇನಲ್ಲ. ಬರುವ ಭಾನುವಾರ ಎರಡನೇ ಪೂಜೆಯ ನಂತರ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಧರ್ಮೋಪದೇಶದ ಕೋಣೆಯಲ್ಲಿ ಕೂತಿರುತ್ತಾರೆ. ಬಿಲ್ಲು ಹಿಡಿದುಕೊಂಡು ಬನ್ನಿ. ಬಾಗಿಲು ಹಾಕಿಕೊಂಡೇ ಮಾತಾಡಬಹುದು, ಹೆಸರು ಹೊರಗೆ ಹೋಗುವುದಿಲ್ಲ.